ಅಕ್ಕನ ಕ್ಲಾಸು

ಕಪಾಟಿನ ಮೂರನೆಯ ಅರೆಯ ಮೇಲಿದ್ದ ಪ್ಲಾಸ್ಟರ್ ಡಬ್ಬಿಗೆ ಕೈ ಚಾಚಿದಾಗ ಅವಳ ಬಲತೋಳು ಕಿವಿಯ ಮಟ್ಟಕ್ಕೆ ಬಂದು ಅಲ್ಲೇ ನಿಂತುಬಿಟ್ಟಿತು. ಅಂಥ ನೋವೇನೂ ಆಗಲಿಲ್ಲ. ಆಚೆಯಿಂದ ಯಾರೋ ಚಿಲಕ ಹಾಕಿಕೊಂಡ ಹಾಗೆ, ಅಷ್ಟೆ. ಮೂವತ್ತೊಂದು ವರ್ಷದಿಂದ ದಿನಕ್ಕೆ ಹತ್ತು ಸಲ ಇಳಿಸಿದ ಡಬ್ಬಿ ಅದು. ಬೆನ್ನು ತಿರುಗಿಸಿ ನಿಂತಿದ್ದರೂ ಕೈಗೆ ಸಿಗುತ್ತಿತ್ತು. ಪಕ್ಕದ ಮೇಜಿನಲ್ಲಿ ಹಲ್ಲಿನ ಟೋಪಿಗಳಿಗೆ ಬಣ್ಣ ಹಚ್ಚುತ್ತಿದ್ದ ಸಹೋದ್ಯೋಗಿ (ಪಿಂಗಾಣಿ ಕೆಲಸವನ್ನೇ ಮಾಡುತ್ತ ಬಂದದ್ದರಿಂದ ಹಲ್ಲಿನ ಸೆಟ್ಟು ಮಾಡುವ ಆ ಲ್ಯಾಬಿನಲ್ಲಿ ಅವಳ ಹೆಸರೇ ಪಿಂಗಾಣಿ ಎಂದಾಗಿತ್ತು) ಕುಂಚ ಎತ್ತಿ ಹಿಡಿದು, “ಏನ್ರೀ, ಯಾರಿಗೆ ಸಲ್ಯೂಟ್ ಹೊಡೀತಿದೀರ?” ಎಂದಳು. ಅವಳು ನಕ್ಕು, ಏನೂ ಆಗಿಲ್ಲವೆಂಬಂತೆ ಎಡಗೈ ಚಾಚಿದಳು. ಎಡಗೈಗೆ ಆ ಅರೆಯ ಪರಿಚಯವಿರಲಿಲ್ಲ. ಡಬ್ಬಿಯ ಪಕ್ಕದಲ್ಲಿ ಒಣಗಲಿಟ್ಟಿದ್ದ ಒಂದು ಕೆಳದವಡೆಯ ಅಚ್ಚು ಮೊಣಕೈ ತಾಗಿ ನೆಲಕ್ಕೆ ಬಿದ್ದು ಮೂರು ಚೂರಾಯಿತು. ಅದು ಒಬ್ಬ ನಿವೃತ್ತ ಮೇಷ್ಟರ ದವಡೆ. ಬಾಯಿ ತುಂಬ ಅಚ್ಚು ತೆಗೆಯುವ ಅಂಟು ತುಂಬಿಸಿಕೊಂಡು, ವಾಂತಿ ತಡೆದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ ಅವರು ಕೊಟ್ಟುಹೋದದ್ದು. ಇನ್ನೊಂದು ಸಲ ಅವರನ್ನು ಕರೆಸಬೇಕು. ದಂತವೈದ್ಯರು ಬಾಗಿಲಲ್ಲಿ ನಿಂತು ಚೂರುಗಳನ್ನು ನೋಡಿ, “ಪರವಾಗಿಲ್ಲ ಬಿಡಿ” ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮೂಳೆ ಡಾಕ್ಟರು ಅವಳ ಕೈಯನ್ನು ಹಿಡಿದು, ಪಂಪು ಒತ್ತಿದ ಹಾಗೆ ಮೇಲೆ ಕೆಳಗೆ ಆಡಿಸಿ, ಭುಜ ಹೆಪ್ಪುಗಟ್ಟಿದೆ ಎಂದರು. ಮಾತ್ರೆ ಬರೆದುಕೊಟ್ಟು, “ಯೋಗಕ್ಕೆ ಸೇರ್ಕೊಳ್ಳಿ. ಆದ್ರೆ ಸಿಕ್ಕಿದ ಕ್ಲಾಸಿಗೆ ನುಗ್ಗಬೇಡಿ, ನೋಡಿ ಸೇರಿ. ಈಗ ನೂರೆಂಟು ಥರ ಇವೆ. ಕೆಲವು ಕಡೆ ಹೋದ್ರೆ ಇರೋ ಕೈನೂ ಹೋಗತ್ತೆ” ಎಂದರು. “ನಂಗೆ ಯಾವುದು ಸರಿ ಅಂತ ಹೇಗೆ ಗೊತ್ತಾಗತ್ತೆ ಡಾಕ್ಟ್ರೇ?” ಎಂದು ಕೇಳಿದಳು. ಅವರಾಗಲೇ ಮುಂದಿನ ರೋಗಿಯ ಚೀಟಿ ನೋಡುತ್ತಿದ್ದರು. “ಗೊತ್ತಿರೋರನ್ನ ಕೇಳಿ” ಎಂದರು.

ಗೊತ್ತಿರೋರು. ಮನೆಗೆ ನಡೆದು ಬರುವಾಗ ಆ ಮಾತು ಚಪ್ಪಲಿಯೊಳಗೆ ಸೇರಿಕೊಂಡ ಕಲ್ಲಿನ ಹಾಗೆ ಒತ್ತುತ್ತಲೇ ಇತ್ತು. ಗೊತ್ತಿರೋರು ಅಂತ ಅವಳಿಗೆ ಇದ್ದದ್ದು ಒಬ್ಬಳೇ. ಅಕ್ಕ. ಊರಿನ ಇನ್ನೊಂದು ತುದಿಯಲ್ಲಿ, ಎರಡು ಬಸ್ಸು ಬದಲಾಯಿಸಿದರೆ ಸಿಗುವ ಅಕ್ಕ. ತಿಂಗಳ ಮೊದಲ ಭಾನುವಾರ ಹತ್ತು ನಿಮಿಷ ಫೋನು. ಭಾವನ ಕಿವುಡು, ಇಬ್ಬರ ಬೀಪಿ, ಸೆಕೆ ಅಥವಾ ಚಳಿ, ಅಕ್ಕನ ಸೊಂಟದ ಆಪರೇಷನ್ನು. ಆಮೇಲೆ “ಸರಿ ಹಾಗಾದ್ರೆ”. ಆ ಹತ್ತು ನಿಮಿಷಗಳಲ್ಲಿ ಯೋಗ ಎನ್ನುವ ಶಬ್ದ ಮೂವತ್ತು ವರ್ಷಗಳಲ್ಲಿ ಒಂದು ಸಲವೂ ಬಂದಿರಲಿಲ್ಲ. ಕೋಣೆಯ ನಟ್ಟನಡುವೆ ಇಟ್ಟ ಭಾರದ ಪೆಟ್ಟಿಗೆಯನ್ನು ಮನೆಯವರೆಲ್ಲ ಸುತ್ತು ಹಾಕಿಕೊಂಡು ಓಡಾಡುವುದಿಲ್ಲವೆ, ಹಾಗೆ ಇಬ್ಬರೂ ಅದನ್ನು ಬಳಸಿ ಹೋಗುವುದನ್ನು ಕಲಿತುಬಿಟ್ಟಿದ್ದರು. ಮೂರು ದಿನ ಅವಳು ಫೋನು ಕೈಗೆತ್ತಿಕೊಂಡು ಕೆಳಗಿಟ್ಟಳು. ನಾಲ್ಕನೆಯ ದಿನ ಪಿಂಗಾಣಿಯನ್ನು ಕೇಳಿದಳು.

ಪಿಂಗಾಣಿಗೆ ಯೋಗದ ಗಂಧಗಾಳಿ ಇರಲಿಲ್ಲ, ಆದರೆ ಅಭಿಪ್ರಾಯಕ್ಕೆ ಕೊರತೆಯಿರಲಿಲ್ಲ. “ನೋಡಿ, ಬಿಸಿ ಕೋಣೇದು ಒಂದಿದೆ, ಹಗ್ಗ ಕಟ್ಟಿ ನೇತುಹಾಕೋದು ಒಂದಿದೆ. ಬರೀ ಉಸಿರು ಬಿಟ್ಟುಕೊಂಡು ಕೂತ್ಕೊಳ್ಳೋದೂ ಇದೆಯಂತೆ, ಅದನ್ನ ನಾವು ಇಲ್ಲೇ ಮಾಡ್ತೀವಲ್ಲ. ಮೊದಲ ದಿನ ಎಲ್ಲ ಕಡೆ ಸುಮ್ನೆ ಬಿಡ್ತಾರೆ. ಅಂಗಡೀಲಿ ಚಪ್ಪಲಿ ಹಾಕಿ ನೋಡ್ತೀವಲ್ಲ, ಹಾಗೆ ಹೋಗಿ ನೋಡಿ ಬನ್ನಿ.”

ಬಿಸಿ ಕೋಣೆಯಲ್ಲಿ ಮೂರು ಗೋಡೆಗೂ ಕನ್ನಡಿ. ಮೂಲೆಗಳಲ್ಲಿ ಕೆಂಪಗೆ ಉರಿಯುವ ಹೀಟರುಗಳು. ಇಪ್ಪತ್ತರ ಹುಡುಗಿಯರು, ತೋಳಿಗೆ ಹಚ್ಚೆ ಹಾಕಿಸಿಕೊಂಡ ಹುಡುಗರು, ಎಲ್ಲರೂ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿದ್ದರು. ಕೆನ್ನೆಗೆ ಮೈಕು ಅಂಟಿಸಿಕೊಂಡ ತರಬೇತುದಾರ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹಿಂದಿನ ಸಾಲಿನ ಬಾಗಿಲ ಬಳಿ ಜಾಗ ತೋರಿಸಿದ. ಹಾಡು ಶುರುವಾಯಿತು, ಜೊತೆಗೆ ಅವನ ಎಣಿಕೆ; ಒಂದು ಭಂಗಿ ಏನೆಂದು ಗೊತ್ತಾಗುವಷ್ಟರಲ್ಲಿ ಎಲ್ಲರೂ ಮುಂದಿನದಕ್ಕೆ ಹಾರಿರುತ್ತಿದ್ದರು. ಹತ್ತನೆಯ ನಿಮಿಷಕ್ಕೆ ಯಾರದೋ ಬೆವರಿನ ಮೇಲೆ ಅವಳ ಅಂಗೈ ಜಾರಿ, ಗಲ್ಲ ನೆಲಕ್ಕೆ ತಾಗಿತು. “ಆಂಟಿ, ನಿಮಗಾದಷ್ಟು ಮಾಡಿ ಸಾಕು!” ಎಂದು ಮೈಕು ಇಡೀ ಕೋಣೆಗೆ ಹೇಳಿತು. ಕನ್ನಡಿಯಲ್ಲಿ ಇಪ್ಪತ್ತು ಮುಖ ಅವಳತ್ತ ತಿರುಗಿದವು, ಕನ್ನಡಿಗಳ ಲೆಕ್ಕದಲ್ಲಿ ಅರವತ್ತು. ಅವಳು ಎದ್ದು ಕೂತು ನಗಲು ನೋಡಿದಳು. ವಿಚಿತ್ರವೆಂದರೆ ಅವಮಾನಕ್ಕಿಂತ ಮುಂಚೆ ಅವಳಿಗೆ ಬಂದದ್ದು ಸಂತೋಷದ ನೆನಪು. ಇದೇ ಥರ ಹಾಡು, ಇದೇ ಥರ ಕನ್ನಡಿ, ಹೊಸ ಕಾರ್ಪೆಟ್ಟಿನ ವಾಸನೆ, ಮೇಜಿನ ಮೇಲೆ ತಿರುಗುತ್ತಿದ್ದ ಟೇಪ್ ರೆಕಾರ್ಡರು. ಆಗ ಅವಳಿಗೆ ಇಪ್ಪತ್ನಾಲ್ಕು. ಮುಂದಿನ ಸಾಲಿನಲ್ಲಿದ್ದಳು. ಮೈ ತನ್ನಷ್ಟಕ್ಕೆ ತಾನು ಓಡುತ್ತಿತ್ತು, ಹಾರುತ್ತಿತ್ತು. ಇಷ್ಟು ದಿನ ಇದನ್ನು ಯಾಕೆ ನಿಲ್ಲಿಸಿ ಇಟ್ಟಿದ್ದರು ಎಂದು ಅವಳಿಗೆ ಆಗ ಅನ್ನಿಸಿತ್ತು. ಅಕ್ಕನ ಕ್ಲಾಸು ಬಿಟ್ಟು ಅಲ್ಲಿಗೆ ಹೋದದ್ದು ಅಕ್ಕನ ಮೇಲಿನ ಹಗೆಯಿಂದಲೆ? ಇಲ್ಲ. ಸುಖವಾಗುತ್ತಿತ್ತು, ಅದಕ್ಕೆ ಹೋಗಿದ್ದಳು. ಅದನ್ನು ಒಪ್ಪಿಕೊಳ್ಳುವುದು ಹಗೆಯನ್ನು ಒಪ್ಪಿಕೊಳ್ಳುವುದಕ್ಕಿಂತ ಕಷ್ಟವಾಗಿತ್ತು.

ಅಕ್ಕನ ಕ್ಲಾಸಿನಲ್ಲಿ ನಿಲ್ಲುವುದೇ ಅರ್ಧ ಗಂಟೆ. ಪೀಠೋಪಕರಣದ ಅಂಗಡಿಯ ಮೇಲಿನ ಮಹಡಿ ಅದು. ಹಲಗೆಯ ನೆಲದ ಸಂದಿಯಿಂದ ವಾರ್ನಿಷಿನ ವಾಸನೆ ಬರುತ್ತಿತ್ತು, ಕೆಳಗೆ ಉಜ್ಜುಕೊರಡು ಎಳೆಯುವ ಸದ್ದು. ಹದಿನೇಳು ಹದಿನೆಂಟು ಜನ ಸೇರುತ್ತಿದ್ದರು: ಅಂಚೆ ಗುಮಾಸ್ತ, ಇಬ್ಬರು ನರ್ಸುಗಳು, ಯಾವಾಗಲೂ ಜಗಳವಾಡಿಕೊಂಡೇ ಬರುವ ಅವಳಿ ಸೋದರಿಯರು, ಕಾಲು ಚಾಚಿ ಕೂತರೆ ಸಾಕು ನಿದ್ದೆ ಹೋಗುವ ಒಬ್ಬ ದರ್ಜಿ. ಅಕ್ಕ ಬೂದುಬಣ್ಣದ ದೊಗಲೆ ಪಾಯಿಜಾಮ ಹಾಕಿಕೊಂಡು ಅವರ ನಡುವೆ ನಿಧಾನವಾಗಿ ಓಡಾಡುತ್ತಿದ್ದಳು. “ಬಗ್ಗೋದು ಯಾರು ಬೇಕಾದ್ರೂ ಬಗ್ಗುತಾರೆ. ನಿಲ್ಲೋದು ಕಲೀರಿ ಮೊದ್ಲು. ಹಿಮ್ಮಡಿ ಎಲ್ಲಿದೆ ನಿಮ್ದು? ನೆಲದ ಮೇಲಿದೆಯೋ, ಮನೇಲಿ ಬಿಟ್ಟು ಬಂದಿದೀರೋ?” ಎಲ್ಲರೂ ನಗುತ್ತಿದ್ದರು. ಆಮೇಲೆ “ನನ್ನ ತಂಗೀನ ನೋಡಿ” ಎನ್ನುತ್ತಿದ್ದಳು. ಅವಳು ಮುಂದೆ ಬಂದು ನಿಲ್ಲುತ್ತಿದ್ದಳು. ಅಕ್ಕನ ಬೆಚ್ಚಗಿನ ಒಣ ಅಂಗೈ ಅವಳ ಬೆನ್ನಿನ ಮೇಲೆ ಮೂಳೆ ಮೂಳೆಯಾಗಿ ಇಳಿದುಬರುತ್ತಿತ್ತು. ಅಮ್ಮ ಹೋದ ಮೇಲೆ ಆ ಅಂಗೈಯೇ ಜಡೆ ಹಾಕಿದ್ದು, ಜ್ವರ ನೋಡಿದ್ದು, ಪರೀಕ್ಷೆಗೆ ಕಳಿಸಿದ್ದು. ಸಂಜೆಯ ಬಿಸಿಲು ಎಡಗಡೆಯ ಮೂರು ಕಿಟಕಿಗಳಿಂದ ಬಂದು ಹಲಗೆಗಳ ಮೇಲೆ ಬೀಳುತ್ತಿತ್ತು. ಕ್ಲಾಸು ಮುಗಿದು ಎಲ್ಲರೂ ಮಲಗಿದಾಗ ಅದು ಒಬ್ಬೊಬ್ಬರ ಪಾದ ದಾಟಿಕೊಂಡು ಗೋಡೆ ಹತ್ತುತ್ತಿತ್ತು. ಅಷ್ಟು ನಿಶ್ಶಬ್ದ ಅವಳಿಗೆ ಆಮೇಲೆ ಎಲ್ಲೂ ಸಿಕ್ಕಿಲ್ಲ.

ಆ ಕಿಟಕಿಗಳ ಎದುರಿಗೇ, ರಸ್ತೆಯ ಆಚೆಯ ಮಹಡಿಯಲ್ಲಿ, ಹಾಡು ಹಾಕಿ ಯೋಗ ಮಾಡಿಸುವ ಆ ಹೊಸ ಕ್ಲಾಸು ತೆರೆದದ್ದು. ಒಂದು ಸಂಜೆ ಕುತೂಹಲಕ್ಕೆ ಹೋದಳು. ಮಾರನೆಯ ದಿನ ನರ್ಸುಗಳಿಗೆ ಚೆನ್ನಾಗಿದೆ ಎಂದಳು, ಅಷ್ಟೆ, ಬನ್ನಿ ಎನ್ನಲಿಲ್ಲ. ವಾರದೊಳಗೆ ನರ್ಸುಗಳು ಬಂದರು, ಅವಳಿಗಳು ಬಂದರು, ಆಮೇಲೆ ಅಂಚೆ ಗುಮಾಸ್ತನೂ ತಲೆ ತಗ್ಗಿಸಿಕೊಂಡು ಮೆಟ್ಟಿಲು ಹತ್ತಿ ಬಂದ. ಅಕ್ಕನಿಗೆ ಅವಳು ಲ್ಯಾಬಿನಲ್ಲಿ ಕೆಲಸ ಹೆಚ್ಚು ಎಂದು ಹೇಳಿದ್ದಳು. ಒಂದು ದಿನ ಕುಣಿತದ ನಡುವೆ ತಿರುಗಿದಾಗ ಎದುರು ಕಿಟಕಿಯಲ್ಲಿ ಅಕ್ಕ ಕಂಡಳು. ಅಕ್ಕ ಇತ್ತ ನೋಡುತ್ತಿರಲಿಲ್ಲ. ದರ್ಜಿಯೊಬ್ಬನನ್ನೇ ನಿಲ್ಲಿಸಿಕೊಂಡು ಅವನ ಭುಜ ಸರಿಮಾಡುತ್ತಿದ್ದಳು, ಹದಿನೆಂಟು ಜನರಿಗೆ ಎಷ್ಟು ಹೊತ್ತು ಕೊಡುತ್ತಿದ್ದಳೋ ಅಷ್ಟೂ ಹೊತ್ತನ್ನು ಅವನೊಬ್ಬನಿಗೇ ಕೊಡುವವಳ ಹಾಗೆ. ನಾಲ್ಕು ತಿಂಗಳಿಗೆ ಅಕ್ಕ ಮಹಡಿ ಖಾಲಿ ಮಾಡಿ ಒಂದು ಶಾಲೆಯ ಉಗ್ರಾಣದಲ್ಲಿ ಕೆಲಸಕ್ಕೆ ಸೇರಿದಳು. ಆರು ತಿಂಗಳಿಗೆ ಎದುರು ಮಹಡಿಯವನೂ ಟೇಪ್ ರೆಕಾರ್ಡರು ಹೊತ್ತುಕೊಂಡು ಬೇರೆ ಊರಿಗೆ ಹೋದ. ಅಲ್ಲಿಗೆ ಅವಳ ಯೋಗ ಮುಗಿಯಿತು.

ಎರಡನೆಯ ಕ್ಲಾಸು ಹಗ್ಗಗಳದು. ಗೋಡೆಯಲ್ಲಿ ಕೊಂಡಿಗಳು, ಸಾಲಾಗಿ ಜೋಡಿಸಿದ ಮರದ ಇಟ್ಟಿಗೆಗಳು, ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟ ಕಂಬಳಿಗಳು. ಒಳಗೆ ಕಾಲಿಟ್ಟ ಕೂಡಲೇ ಅವಳಿಗೆ ತನ್ನ ಲ್ಯಾಬಿಗೇ ಬಂದ ಹಾಗಾಯಿತು. ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ ಎತ್ತರದ ಶಿಕ್ಷಕಿ ಜಮೀನು ಅಳೆಯುವವರ ಹಾಗೆ ಮಾತಾಡುತ್ತಿದ್ದರು: ಅರ್ಧ ಅಂಗುಲ ಒಳಗೆ, ಹೊರಗಿನ ಅಂಚು ಕೆಳಗೆ. ಅವಳ ಹೆಪ್ಪುಗಟ್ಟಿದ ತೋಳಿನ ಕೆಳಗೆ ಎರಡು ಇಟ್ಟಿಗೆ, ಒಂದು ಕಂಬಳಿ ಕೊಟ್ಟು, ಹಗ್ಗ ಹಿಡಿಸಿ, “ಎತ್ತಬೇಡಿ. ಅದೇ ಏಳತ್ತೆ, ಕಾಯಿರಿ” ಎಂದರು. ತೋಳು ಒಂದು ಬೆರಳಷ್ಟು ಎದ್ದಿತು. ಆಮೇಲೆ ಎಲ್ಲರನ್ನೂ ಸುಮ್ಮನೆ ನಿಲ್ಲಲು ಹೇಳಿ ಒಬ್ಬೊಬ್ಬರನ್ನೇ ಸುತ್ತಿ ಬರುತ್ತ, ಅವಳ ಬಳಿ ನಿಂತರು. ಕನ್ನಡಕ ಹಾಕಿಕೊಂಡು ಅವಳ ಪಾದ ನೋಡಿದರು.

“ನೀವು ಮೊದ್ಲೇ ಕಲ್ತಿದೀರಿ.”

“ಇಲ್ಲ.”

“ಮೈಯೆಲ್ಲ ಮರೆತಿದೆ ನಿಮಗೆ, ಪಾದ ಮರೆತಿಲ್ಲ. ಯಾರೋ ಚೆನ್ನಾಗಿ ನಿಲ್ಲಿಸಿದಾರೆ. ಯಾರ ಹತ್ರ ಕಲ್ತಿದ್ದು?”

ಬಾಯಿ ತೆರೆದರೆ ಬರಬೇಕಾದದ್ದು ಎರಡೇ ಅಕ್ಷರ. ಅವಳ ಬಾಯಿಂದ ಬಂದದ್ದು, “ಯಾವುದೋ ಪುಸ್ತಕ ನೋಡಿಕೊಂಡು...” ಎಂಬುದು. ಶಿಕ್ಷಕಿ ತಲೆಯಾಡಿಸಿ ಮುಂದೆ ಹೋದರು. ಕ್ಲಾಸು ಮುಗಿದ ಮೇಲೆ ಅವಳು ಹೊರಗಿನ ಬೆಂಚಿನ ಮೇಲೆ ಶೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಳು. ಮೂವತ್ತು ವರ್ಷದ ಹಿಂದೆ ಹೇಳದೆ ಹೋದದ್ದಕ್ಕೆ ವಯಸ್ಸಿನ ನೆಪವಾದರೂ ಇತ್ತು. ಇವತ್ತು ಯಾರೂ ಕುತ್ತಿಗೆ ಹಿಡಿದಿರಲಿಲ್ಲ. ಹೆಸರು ಹೇಳಿದ್ದರೆ ಏನು ಖರ್ಚಾಗುತ್ತಿತ್ತು? ಹೇಳಿದ್ದರೆ, ಈಗ ಅವರು ಎಲ್ಲಿದ್ದಾರೆ, ಕ್ಲಾಸು ಯಾಕೆ ಬಿಟ್ಟರು ಎಂದು ಕೇಳುತ್ತಿದ್ದರು. ಅಷ್ಟೇ ತಾನೆ. ಒಂದು ಶೂವಿನ ದಾರ ಕಟ್ಟಿ ಇನ್ನೊಂದನ್ನು ಹಾಗೇ ಬಿಟ್ಟುಕೊಂಡು ಮನೆಗೆ ನಡೆದಳು.

ಭಾನುವಾರ ಬಂತು. ಅದು ಫೋನಿನ ಭಾನುವಾರವಾಗಿರಲಿಲ್ಲ. ಅವಳು ಎರಡು ಬಸ್ಸು ಹಿಡಿದು ಹೋದಳು. ಬಾಗಿಲು ತೆರೆದ ಭಾವ, ಕಿವಿ ಕೇಳದವರು ಮಾತಾಡುವ ಹಾಗೆ ಇಡೀ ಬೀದಿಗೆ ಕೇಳಿಸುವಂತೆ, “ಓಹೋಹೋ, ಯಾರಪ್ಪ ಇದು! ಒಳ್ಳೇ ಹೊತ್ತಿಗೆ ಬಂದೆ ನೋಡು, ನಿಮ್ಮಕ್ಕ ಯೋಗ ಕ್ಲಾಸಿಗೆ ಹೊರಟಿದಾಳೆ!” ಎಂದರು. ಅವಳು ಹೊಸ್ತಿಲಲ್ಲೇ ನಿಂತು, “ಯಾವಾಗಿಂದ?” ಎಂದು ಕೂಗಿದಳು. “ಒಂದೂವರೆ ವರ್ಷ ಆಯ್ತಲ್ಲ! ನಿಂಗೆ ಹೇಳಿಲ್ವಾ?” ಒಂದೂವರೆ ವರ್ಷ. ಹದಿನೆಂಟು ಫೋನು. ಅಕ್ಕ ಮತ್ತೆ ಕಲಿಸುತ್ತಿದ್ದಾಳೆ! ಸಂತೋಷವಾಯಿತು, ನಿಜ, ಆದರೆ ಆ ಸಂತೋಷದ ಬೆನ್ನಿಗೇ ತನಗೆ ಹೇಳಲಿಲ್ಲವಲ್ಲ ಎಂಬ ಚಿಕ್ಕ ಮಗುವಿನಂಥ ಕೋಪವೂ ಬಂತು. ಅಕ್ಕ ಊರುಗೋಲು ಹಿಡಿದು ಹೊರಗೆ ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ತಂಗಿಯ ಮುಖ ನೋಡಲಿಲ್ಲ, ಭುಜ ನೋಡಿದಳು. “ಬಲಗಡೇದಾ?” ಎಂದಳು. ಆಮೇಲೆ, “ಬಾ ಹಾಗಾದ್ರೆ. ಮಾತಾಡ್ತಾ ನಿಂತ್ರೆ ಹೊತ್ತಾಗತ್ತೆ.”

ಎರಡು ಬೀದಿಯಾಚೆ ಒಂದು ಗ್ರಂಥಾಲಯ. ಅದರ ಓದುವ ಕೋಣೆಯಲ್ಲಿ ಮೇಜುಗಳನ್ನು ಗೋಡೆಗೆ ಸರಿಸಿ ಕುರ್ಚಿಗಳನ್ನು ನಾಲ್ಕು ಸಾಲಾಗಿ ಹಾಕಿದ್ದರು. ಹದಿನೈದು ಮುದುಕ ಮುದುಕಿಯರು. ಅವಳು ಮುಂದೆ ಖಾಲಿಯಿದ್ದ ಜಾಗವನ್ನು ನೋಡುತ್ತ, ಅಕ್ಕ ಅಲ್ಲಿ ಹೋಗಿ ನಿಲ್ಲುವುದನ್ನೇ ಕಾಯುತ್ತ ಬಾಗಿಲಲ್ಲಿ ನಿಂತಳು. ಅಕ್ಕ ಮೂರನೆಯ ಸಾಲಿಗೆ ಹೋಗಿ, ಊರುಗೋಲನ್ನು ಕುರ್ಚಿಯ ಕೆಳಗಿಟ್ಟು, ಮಂಡಿಯ ಮೇಲೆ ಕೈಯಿಟ್ಟುಕೊಂಡು ಕೂತಳು. ಮುಂದೆ ಬಂದು ನಿಂತವಳು ಇಪ್ಪತ್ತೈದು ದಾಟದ ಹುಡುಗಿ, ಒಂದು ಕೈಯಲ್ಲಿ ಮೊಬೈಲು. “ಎಲ್ರೂ ಆರಾಮಾ? ಶುರು ಮಾಡೋಣ್ವಾ?” ಎಡಗೈ ಎನ್ನುವಲ್ಲಿ ಬಲಗೈ ಎನ್ನುತ್ತಿದ್ದಳು, ಉಸಿರು ಬಿಡುವಲ್ಲಿ ತೆಗೆದುಕೊಳ್ಳಿ ಎಂದು ಆಮೇಲೆ “ಅಯ್ಯೋ ಅಲ್ಲ ಅಲ್ಲ” ಎನ್ನುತ್ತಿದ್ದಳು. ಹಿಂದಿನ ಕುರ್ಚಿಯಲ್ಲಿ ಕೂತ ಅವಳಿಗೆ ಕಾಣುತ್ತಿದ್ದದ್ದು ಅಕ್ಕನ ಬೆನ್ನು ಮಾತ್ರ. ಆ ಬೆನ್ನು ಹುಡುಗಿ ಹೇಳಿದ್ದನ್ನೆಲ್ಲ ಮಾಡುತ್ತಿತ್ತು, ತಪ್ಪುಗಳ ಸಮೇತ. ಕಡೆಗೆ ಹುಡುಗಿ ಸಾಲುಗಳ ನಡುವೆ ಬಂದು, “ಅಜ್ಜಿ, ಕುತ್ತಿಗೆ ಇನ್ನೂ ಸ್ವಲ್ಪ ಮೇಲೆ” ಎಂದು ಎರಡು ಬೆರಳಿನಿಂದ ಅಕ್ಕನ ಗಲ್ಲವನ್ನು ಎತ್ತಿ ಹಿಂದಕ್ಕೆ ತಳ್ಳಿದಳು. ಕುತ್ತಿಗೆಯನ್ನು ಹಾಗೆ ತಳ್ಳಬಾರದೆಂದು ಅಕ್ಕನ ಕ್ಲಾಸಿನಲ್ಲಿ ಮೊದಲ ವಾರದವರಿಗೂ ಗೊತ್ತಿತ್ತು. ಅವಳು ಅರ್ಧ ಎದ್ದೇಬಿಟ್ಟಳು. “ರೀ, ಅವರಿಗೆ ಹಾಗೆಲ್ಲ—” ಅಕ್ಕ ಹೊರಳಿ ನೋಡಿದಳು. ಹದಿನೆಂಟು ಜನರ ಗದ್ದಲವನ್ನು ಒಂದೇ ಸಲಕ್ಕೆ ಅಡಗಿಸುತ್ತಿದ್ದ ಆ ನೋಟ. ಅವಳು ಕೂತಳು. ಅಕ್ಕ ಮತ್ತೆ ಮುಂದಕ್ಕೆ ತಿರುಗಿ, ಮುಖ ತೊಳೆಸಿಕೊಳ್ಳುವ ಮಗುವಿನ ಹಾಗೆ, ಗಲ್ಲವನ್ನು ಹುಡುಗಿಯ ಬೆರಳಿಗೆ ಕೊಟ್ಟಳು.

ಕ್ಲಾಸು ಮುಗಿದ ಮೇಲೆ ಇಬ್ಬರೂ ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತರು.

“ನೀನು ಯಾರು ಅಂತ ಅವಳಿಗೆ ಗೊತ್ತಾ?”

“ಮೂರನೇ ಸಾಲಿನ ಅಜ್ಜಿ.”

“ಅಕ್ಕಾ, ಅವಳು ತಪ್ಪು ಹೇಳ್ತಿದ್ಲು.”

“ಹೂಂ. ನಾನೇನು ಕಮ್ಮಿ ಹೇಳಿದೀನಾ? ನಿನ್ನ ಎಡಮಂಡಿ ಎರಡು ತಿಂಗಳು ಊದ್ಕೊಂಡಿತ್ತಲ್ಲ, ನಾನು ಒತ್ತಿ ಒತ್ತಿ. ನೀನು ಮೆಟ್ಟಿಲಲ್ಲಿ ಬಿದ್ದೆ ಅಂತ ಎಲ್ರಿಗೂ ಹೇಳ್ಕೊಂಡು ತಿರುಗಿದೆ.”

ಅವಳಿಗೆ ಅದು ಮರೆತೇಹೋಗಿತ್ತು. ಅಕ್ಕ ಇಷ್ಟು ವರ್ಷ ಅದನ್ನು ಇಟ್ಟುಕೊಂಡಿದ್ದಳು. ರಸ್ತೆಯ ಆಚೆ ಒಬ್ಬ ಅಂಗಡಿಯವನು ಬಾಗಿಲು ಎಳೆದುಕೊಳ್ಳುತ್ತಿದ್ದ. ಅದರ ಸದ್ದು ನಿಲ್ಲುವವರೆಗೆ ಕಾದು ಅವಳು, “ನಾನು ಆಗ ಹೋಗಬಾರದಿತ್ತು” ಎಂದಳು. ಮೂವತ್ತು ವರ್ಷ ಬಾಯಲ್ಲಿಟ್ಟುಕೊಂಡ ಮಾತು, ಎಷ್ಟು ಸಣ್ಣದಾಗಿ ಬಂತು.

“ಹೋಗಿದ್ರಲ್ಲಿ ತಪ್ಪೇನಿತ್ತು. ಕುಣಿಯೋ ವಯಸ್ಸು. ಲ್ಯಾಬಲ್ಲಿ ಕೆಲಸ ಅಂತ ಸುಳ್ಳು ಹೇಳ್ದೆ ನೋಡು, ಅದು. ಕಿಟಕೀಲಿ ಕಾಣ್ತಿತ್ತಲ್ಲೇ, ನಿಂಗೆ ಅಷ್ಟೂ ಹೊಳೀಲಿಲ್ವಾ?” ಅಕ್ಕನ ದನಿಯಲ್ಲಿ ನಯವೇನೂ ಇರಲಿಲ್ಲ. “ಎರಡು ವರ್ಷ ನಿನ್ನ ಕಂಡ್ರೆ ಆಗ್ತಿರಲಿಲ್ಲ ನಂಗೆ.”

“ಫೋನಲ್ಲಿ ಚೆನ್ನಾಗೇ ಮಾತಾಡ್ತಿದ್ದೆ.”

“ರಿಸೀವರ್ ಕಿವಿಯಿಂದ ದೂರ ಹಿಡ್ಕೋತಿದ್ದೆ. ಹೂಂ ಹೂಂ ಅಂತಿದ್ದೆ.”

ಅವಳಿಗೆ ನಗು ಬಂತು, ಜೊತೆಗೆ ಅಳುವೂ. ಅಕ್ಕ ಕೋಪಿಸಿಕೊಂಡಿದ್ದಳು! ದರ್ಜಿಯ ಭುಜ ಹಿಡಿದು ನಿಂತಿದ್ದ ಆ ಶಾಂತ ಮುಖವನ್ನು ನೆನೆನೆನೆದು ಇಷ್ಟು ವರ್ಷ ಬೆಂದದ್ದು ದಂಡವಾಯಿತು. ಅವಳು ಮೂಗೊರೆಸಿಕೊಂಡು ತನ್ನ ಎರಡು ಕ್ಲಾಸುಗಳ ಕಥೆ ಹೇಳಿದಳು. ಅಕ್ಕ ವೈದ್ಯರ ಹಾಗೆ ಕೇಳಿದಳು: ಮುಗಿದ ಮೇಲೆ ಉಸಿರು ಹೇಗಿತ್ತು, ಮಾರನೆಯ ದಿನ ನೋವು ಕೀಲಿನಲ್ಲೋ ಮಾಂಸದಲ್ಲೋ, ಕಲಿಸುವವರು ನಿನ್ನ ಮುಖ ನೋಡಿದರೋ ಪಾದ ನೋಡಿದರೋ. ಪುಸ್ತಕದ ಸುಳ್ಳನ್ನೂ ಅವಳು ಹೇಳಿದಳು. ಅದನ್ನು ಹೇಳುವಾಗ ಬಸ್ಸಿನ ವೇಳಾಪಟ್ಟಿಯ ಫಲಕವನ್ನು ನೋಡುತ್ತಿದ್ದಳು.

ಅಕ್ಕ ನಗತೊಡಗಿದಳು. ಸೊಂಟ ಹಿಡಿದುಕೊಂಡು, ಅಯ್ಯಯ್ಯೋ ಎನ್ನುತ್ತ ನಕ್ಕಳು. “ಪುಸ್ತಕ ಅಂದ್ಯಾ! ಸುಳ್ಳೇನಲ್ಲ ಕಣೆ ಅದು. ನಾನು ಕಲ್ತಿದ್ದೇ ಒಂದು ಹರಕಲು ಪುಸ್ತಕ ನೋಡಿ. ಕಡೇ ಹತ್ತು ಪುಟ ಇರಲೇ ಇಲ್ಲ. ಅದಕ್ಕೇ ನಿಮ್ಮನ್ನೆಲ್ಲ ಅಷ್ಟು ಹೊತ್ತು ನಿಲ್ಲಿಸ್ತಿದ್ದೆ. ಮುಂದಿಂದು ನಂಗೇ ಗೊತ್ತಿರಲಿಲ್ಲ.”

“ನಿಂಗೆ ಗುರು ಅಂತ...”

“ಯಾರಿದ್ರು? ಅಮ್ಮ ಇಲ್ಲ, ನೀನು ಸಣ್ಣವಳು. ಎಲ್ರಿಗೂ ನಾನೇ ಬೆನ್ನು ಹಿಡೀಬೇಕಿತ್ತು, ನನ್ನ ಬೆನ್ನು ಹಿಡಿದೋರು ಯಾರೂ ಇಲ್ಲ.” ಅಕ್ಕ ಗ್ರಂಥಾಲಯದ ಕಡೆ ಗಲ್ಲ ಎತ್ತಿ ತೋರಿಸಿದಳು. “ಈ ಹುಡುಗಿ ಮೊದಲನೇ ದಿನ ಬಂದು ನನ್ನ ಭುಜ ಮುಟ್ಟಿ ‘ಇಲ್ಲಿ ಬಿಡಿ ಅಜ್ಜಿ’ ಅಂದ್ಲು. ತಪ್ಪು ಜಾಗ. ಆದ್ರೂ ಬಿಟ್ಟೆ. ಅರವತ್ತೆರಡು ವರ್ಷ ಆಗಿತ್ತು ನಂಗೆ.”

ಬಸ್ಸೊಂದು ಬಂದು ನಿಂತು, ಯಾರೂ ಏಳದ್ದನ್ನು ನೋಡಿ ಹೊರಟುಹೋಯಿತು. ಅವಳು ಅಕ್ಕನ ಊರುಗೋಲನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. “ನಾನೂ ಇಲ್ಲಿಗೇ ಬರ್ತೀನಿ ಅಕ್ಕ. ನಿನ್ನ ಪಕ್ಕದ ಕುರ್ಚೀಲಿ ಕೂರ್ತೀನಿ. ಎರಡು ಬಸ್ಸು ತಾನೆ.”

“ಬೇಡ.”

“ಯಾಕೆ?”

“ನೀನಿದ್ರೆ ನಾನು ಮತ್ತೆ ಅಕ್ಕ ಆಗಬೇಕಾಗತ್ತೆ. ಇವತ್ತೇ ನೋಡ್ದೆಯಲ್ಲ, ಒಂದು ಗಂಟೇಲಿ ನಿನ್ನ ಕಡೆ ಎಷ್ಟು ಸಲ ತಿರುಗಬೇಕು ಅನ್ನಿಸ್ತು ಅಂತ ನಂಗೇ ಗೊತ್ತು. ನಿಂದು ಹಗ್ಗದ್ದೇ ಸರಿ. ಪಾದ ನೋಡೋರು ಸಿಕ್ಕಿದಾರೆ, ಹೋಗು. ನಂದು ಇದು. ನಂಗೆ ಬಿಡು.”

ಬಾಗಿಲು ಮುಖದ ಮೇಲೆ ಹಾಕಿದ ಹಾಗಾಯಿತು ಅವಳಿಗೆ, ಆದರೆ ಸಿಟ್ಟು ಬರಲಿಲ್ಲ. ಅಕ್ಕ ಕೈ ಚಾಚಿ ಊರುಗೋಲು ತೆಗೆದುಕೊಂಡು ಎದ್ದಳು. ಏಳಲು ಎರಡು ಪ್ರಯತ್ನ ಬೇಕಾಯಿತು. ಅವಳು ಎಡಗೈ ಮುಂದೆ ಮಾಡಿ, ಅಕ್ಕ ಅದನ್ನು ಹಿಡಿಯದ್ದನ್ನು ನೋಡಿ ಹಿಂದಕ್ಕೆ ತೆಗೆದುಕೊಂಡಳು. “ಫೋನ್ ಮಾಡು” ಎಂದು ಅಕ್ಕ ಹೊರಟಳು. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ, ಕ್ಲಾಸಿನಲ್ಲಿ ಮೊದಲ ಸಾಲಿನಲ್ಲಿ ಕೂತಿದ್ದ ದಪ್ಪ ಕನ್ನಡಕದ ಮುದುಕಿಯೊಬ್ಬಳು ಗ್ರಂಥಾಲಯದ ಮೆಟ್ಟಿಲಿಳಿದು ಬಂದು ಅಕ್ಕನನ್ನು ಕೂಡಿಕೊಂಡಳು. ಇಬ್ಬರೂ ಒಂದೇ ನಿಧಾನದಲ್ಲಿ ನಡೆಯತೊಡಗಿದರು. ಆ ಮುದುಕಿ ಒಮ್ಮೆ ನಿಲ್ದಾಣದತ್ತ ತಿರುಗಿ ನೋಡಿ, “ಯಾರದು, ನಿಮ್ಮ ಜೊತೆ ಬಂದಿದ್ದು?” ಎಂದು ಕೇಳಿದ್ದು ಕೇಳಿಸಿತು.

“ನನ್ನ ತಂಗಿ” ಎಂದಳು ಅಕ್ಕ. “ಅವಳು ಬೇರೆ ಕ್ಲಾಸಿಗೆ ಹೋಗ್ತಾಳೆ.”